ಎರಡನೇ ತಲೆಮಾರು ಕಡಿತಗೊಳ್ಳಲಿದೆ

ಟೈಲರ್ ನಿದ್ದೆ ಮಾಡುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಆದದ್ದನ್ನೆಲ್ಲ ಕೇಳಿದವರು ಮೊದಲು ವಿಚಾರಿಸಿದ್ದು ಅದನ್ನೇ. ಊಟವಾದ ಮೇಲೆ ಹೊಲಿಗೆಯಂತ್ರದ ಮೇಲೆ ಎರಡೂ ಕೈ ಮಡಚಿ, ಕೈಯ ಮೇಲೆ ಕೆನ್ನೆಯಿಟ್ಟು, ಕಣ್ಣು ಮುಚ್ಚಿ ಅವನು ಯೋಚಿಸುತ್ತಿದ್ದ. ಯೋಚನೆ ಆಳಕ್ಕಿಳಿದಾಗ ಸಣ್ಣಗೆ ಗೊರಕೆ ಬರುತ್ತಿತ್ತು, ಅಷ್ಟೆ. ಅಂಥ ಹೊತ್ತಿನಲ್ಲಿ ಗಿರಾಕಿಗಳು ಬಂದು ಏನು ಹೇಳಿದರೂ ಅವನು ಕಣ್ಣು ತೆರೆಯದೆ "ಗೊತ್ತು, ಗೊತ್ತು" ಎನ್ನುತ್ತಿದ್ದ. ಆಮೇಲೆ ಏನು ಹೇಳಿದಿರಿ ಎಂದು ಕೇಳುವುದು ಅವನ ಮರ್ಯಾದೆಗೆ ಕಡಿಮೆ. ಹೀಗಾಗಿ ಉದ್ದ ತೋಳು ಕೇಳಿದವರಿಗೆ ಗಿಡ್ಡ ತೋಳೂ, ಕಿಟಕಿಯ ಪರದೆ ಕೇಳಿದವರಿಗೆ ಲಂಗವೂ ಸಿಕ್ಕಿದ್ದುಂಟು. ಬೀದಿಯವರು ಅವನನ್ನು ಮಂಪರು ಟೈಲರ್ ಎನ್ನುತ್ತಿದ್ದರು. ಆದರೂ ಅವನ ಹತ್ತಿರವೇ ಹೊಲಿಸುತ್ತಿದ್ದರು. ಅವನ ಹೊಲಿಗೆ ಬಿಚ್ಚಿಹೋದದ್ದನ್ನು ಯಾರೂ ಕಂಡಿರಲಿಲ್ಲ. ತಪ್ಪು ಮಾಡಿದರೂ ಗಟ್ಟಿಯಾಗಿ ಮಾಡುತ್ತಿದ್ದ.

ಅಂಗಡಿಯ ಎದುರಿನ ಕಟ್ಟಡದ ನೆತ್ತಿಯ ಮೇಲೆ ಫೋನಿನ ಟವರ್ ಇತ್ತು. ಮಧ್ಯಾಹ್ನ ಇಳಿಯುವಾಗ ಅದರ ನೆರಳು ಬೀದಿ ದಾಟಿ, ಹೊಸ್ತಿಲು ಹತ್ತಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಏಣಿಯಂತೆ ಒರಗಿಕೊಳ್ಳುತ್ತಿತ್ತು. ಊರಿನ ಮಾತೆಲ್ಲ ಆ ಏಣಿಯ ಮೇಲೆ ಹತ್ತುತ್ತ ಇಳಿಯುತ್ತ ಇರುತ್ತದೆಂದು ಟೈಲರ್ ನಂಬಿದ್ದ. ಬಟ್ಟೆಯ ಮೇಲೆ ನೆರಳಿದ್ದಾಗ ಕತ್ತರಿ ಆಡಿಸುತ್ತಿರಲಿಲ್ಲ. ಯಾರದಾದರೂ ಮಾತು ಅರ್ಧಕ್ಕೆ ತುಂಡಾದರೆ ಏನು ಗತಿ?

ಅವತ್ತು ನೆರಳು ಮೇಜು ಮುಟ್ಟಿದ ಹೊತ್ತಿಗೆ ಬಾಬಿನ್ ಡಬ್ಬಿಯೊಳಗಿಂದ ಅವನ ಗುಂಡಿ ಫೋನು ಬಡಿದುಕೊಂಡಿತು. ಟೈಲರ್ ಕಣ್ಣು ಮುಚ್ಚಿಕೊಂಡೇ ಅದನ್ನು ಕಿವಿಗೆ ಒತ್ತಿಕೊಂಡ. ಒಬ್ಬ ಹೆಂಗಸು ಬಹಳ ಇಂಪಾಗಿ ಮಾತಾಡುತ್ತಿದ್ದಳು. ಮೊದಲರ್ಧ ಅವನ ಯೋಚನೆಯಲ್ಲಿ ಮುಳುಗಿಹೋಯಿತು. ಉಳಿದರ್ಧ ಹೀಗಿತ್ತು: "...ನಿಮ್ಮ ಎರಡನೇ ತಲೆಮಾರಿನ ಸಂಪರ್ಕವು ಈ ತಿಂಗಳ ಕೊನೆಗೆ ಶಾಶ್ವತವಾಗಿ ಕಡಿತಗೊಳ್ಳಲಿದೆ. ಸಂಬಂಧ ಮುಂದುವರಿಸಲು ದಯವಿಟ್ಟು ನಾಲ್ಕನೇ ತಲೆಮಾರಿಗೆ ಬನ್ನಿ."

"ಗೊತ್ತು, ಗೊತ್ತು," ಎಂದ ಟೈಲರ್. ಆಮೇಲೆ ಕಣ್ಣು ತೆರೆದ.

ಟೂ ಜಿ ಎಂದಿದ್ದರೆ ಬೀದಿಯ ಯಾರಿಗಾದರೂ ಅರ್ಥವಾಗುತ್ತಿತ್ತು, ಈ ಕಥೆಯೂ ಇರುತ್ತಿರಲಿಲ್ಲ. ಆದರೆ ಫೋನ್ ಕಂಪನಿಯಲ್ಲಿ ಯಾರೋ ಪುಣ್ಯಾತ್ಮರು ಆ ತಿಂಗಳಿಂದ ಗ್ರಾಹಕರ ಜೊತೆ ಅಚ್ಚ ಕನ್ನಡದಲ್ಲಿ ವ್ಯವಹರಿಸಬೇಕೆಂದು ತೀರ್ಮಾನಿಸಿದ್ದರು. ಒಳ್ಳೆಯ ತೀರ್ಮಾನವೇ. ಅದರಿಂದ ಒಂದು ಸಂಸಾರ ಅಲ್ಲಾಡಬಹುದೆಂದು ಅವರಿಗೇನು ಗೊತ್ತು?

ಮಹಡಿಯಿಂದ ಟೀ ತಂದ ಹೆಂಡತಿ ಗಂಡನ ಮುಖ ನೋಡಿ ಯಾರ ಫೋನು ಎಂದು ಕೇಳಿದಳು. ಆಫೀಸಿನದು ಎಂದ. ಯಾವ ಆಫೀಸು ಎಂದಳು. ಅದು ಟೈಲರನಿಗೂ ಗೊತ್ತಿರಲಿಲ್ಲ. ಹಾಗೆನ್ನುವುದು ಅವನಿಂದಾಗದು. ಆದ್ದರಿಂದ ಎರಡನೇ ತಲೆಮಾರನ್ನು ಕಡಿತ ಮಾಡುತ್ತಾರಂತೆ, ತಿಂಗಳ ಕೊನೆಯೇ ಗಡುವು, ತನಗೆ ಮೊದಲೇ ಗೊತ್ತಿತ್ತು ಎಂದು ಗಂಭೀರವಾಗಿ ಹೇಳಿದ.

ಹೆಂಡತಿ ಬೆರಳು ಮಡಿಸಿ ಎಣಿಸಿದಳು. ಈ ಅಂಗಡಿ ಇಟ್ಟ ಮಾವ ಮೊದಲನೇ ತಲೆಮಾರು. ಅವರು ಹೋಗಿ ಕಾಲವಾಯಿತು. ಮಗ ಮೂರನೇದು. ಮಹಡಿಯಲ್ಲಿ ಕುಣಿಯುತ್ತಿರುವ ಮೊಮ್ಮಗಳು ನಾಲ್ಕನೇದು. ಎರಡನೇದರಲ್ಲಿ ಉಳಿದದ್ದು ಗಂಡ, ಗಂಡನ ಅಕ್ಕ, ಇಬ್ಬರೇ.

"ನೀವು, ನಿಮ್ಮಕ್ಕ. ಕಡಿಯೋಕೆ ಅಲ್ಲಿ ಏನಿದೆ ಹೇಳಿ? ನೀವೇ ಕಡಿದು ಇಟ್ಟಿದ್ದೀರಲ್ಲ," ಎಂದು ಹೇಳಿ ಅವಳು ಲೋಟ ಇಟ್ಟು ಹೋದಳು.

ಟೀ ಆರಿತು. ಟೈಲರ್ ಕುಡಿಯಲಿಲ್ಲ.

ಅಕ್ಕ ಇದ್ದದ್ದು ಅದೇ ಊರಿನ ಇನ್ನೊಂದು ತುದಿಯಲ್ಲಿ, ಬಸ್ಸಿನಲ್ಲಿ ಕೂತರೆ ಒಂದು ತೂಕಡಿಕೆಯಷ್ಟು ದೂರ. ಮಾತು ನಿಂತದ್ದು ಒಂದು ಕೋಟಿನಿಂದ. ಚಳಿಗೆಂದು ಅಕ್ಕ ಕಂದು ಉಣ್ಣೆಯ ಬಟ್ಟೆ ಕೊಟ್ಟು ಕೋಟು ಹೊಲಿಸಿಕೊಂಡಿದ್ದಳು. ಹಾಕಿಕೊಂಡು ನಾಲ್ಕು ಜನರ ನಡುವೆ ಹೋದ ಮೇಲೆ ತಿಳಿಯಿತು, ಅದರ ಎರಡೂ ತೋಳು ಎಡತೋಳು. ಬಲಗೈ ತೂರಿಸಿದರೆ ಮೊಣಕೈ ಹೊರಕ್ಕೆ ತಿರುಗಿ, ಯಾರನ್ನೋ ತಿವಿಯಲು ಹೊರಟವಳ ಹಾಗೆ ಕಾಣುತ್ತಿದ್ದಳು. ಅಂಗಡಿಗೆ ಬಂದು, ನಿದ್ದೆಬುರುಕ, ಅಪ್ಪನ ಕತ್ತರಿಗೆ ಅವಮಾನ ಮಾಡಿದೆ ಎಂದಳು. ತಪ್ಪಾಯ್ತು ಎನ್ನುವ ಬದಲು ಟೈಲರ್, "ಬಲಗೈಯಿಂದ ಯಾರಿಗಾದ್ರೂ ಏನಾದ್ರೂ ಕೊಟ್ಟಿದ್ರೆ ತಾನೇ ಅಕ್ಕ, ಬಲತೋಳು ಬೇಕಾಗೋದು?" ಎಂದುಬಿಟ್ಟ. ಮಾತು ಚೆನ್ನಾಗಿತ್ತು. ಇಸ್ತ್ರಿ ಅಂಗಡಿಯವನು ನಕ್ಕಿದ್ದ. ಅಕ್ಕ ಕೋಟು ಎತ್ತಿಕೊಂಡು ಹೋದವಳು ಮತ್ತೆ ಬರಲಿಲ್ಲ. ಅವಳೇ ಮೊದಲು ಮಾತಾಡಲಿ ಎಂದು ಇವನು, ಇವನೇ ಮಾತಾಡಲಿ ಎಂದು ಅವಳು. ಇಬ್ಬರಿಗೂ ಅವಸರವಿರಲಿಲ್ಲ. ಯಾವತ್ತು ಬೇಕಾದರೂ ಎತ್ತಿಕೊಳ್ಳಬಹುದಾದ ಬಟ್ಟೆಯಂತೆ ಆ ಮಾತು ಕಪಾಟಿನಲ್ಲಿ ಮಡಿಸಿಟ್ಟಿತ್ತು. ಈಗ ಕಪಾಟಿಗೇ ಗಡುವು ಬಂದಿತ್ತು.

ಸುದ್ದಿ ಸಂಜೆಯೊಳಗೆ ಬೀದಿ ಸುತ್ತಿತು. ಮೊದಲು ಓಡಿ ಬಂದವನು ಪಕ್ಕದ ಇಸ್ತ್ರಿಯವನೇ. ಅವನ ಮನೆಯಲ್ಲಿ ಇಬ್ಬರು ಭಾವಮೈದುನರು ವಾರ ಇದ್ದು ಹೋಗುತ್ತೇವೆಂದು ಬಂದು, ಯಾವ ವಾರ ಎಂಬುದನ್ನು ಮಾತ್ರ ಹೇಳದೆ ಉಳಿದುಕೊಂಡಿದ್ದರು. ಅವನು ದನಿ ತಗ್ಗಿಸಿ, "ಅಣ್ಣಾ, ಹೆಂಡತಿ ತಮ್ಮಂದಿರು ಎರಡನೇ ತಲೆಮಾರಲ್ಲಿ ಬರ್ತಾರಾ?" ಎಂದು ಕೇಳಿದ.

"ಬರ್ತಾರೆ," ಎಂದ ಟೈಲರ್. ಅವನ ಲೆಕ್ಕಕ್ಕೆ ಬಂದೇ ಬರುತ್ತಿದ್ದರು.

"ಶಾಶ್ವತವಾಗಿ ಕಡಿತಾರಂತಾ?"

"ಶಾಶ್ವತವಾಗಿ."

ಇಸ್ತ್ರಿಯವನ ಮುಖ ಬೆಳಗಿದ್ದನ್ನು ನೋಡಿ ಟೈಲರನಿಗೆ ಇನ್ನಷ್ಟು ದುಃಖವಾಯಿತು. ಲೋಕದಲ್ಲಿ ಒಬ್ಬರ ಕಡಿತ ಇನ್ನೊಬ್ಬರ ಹಬ್ಬ. ಇಸ್ತ್ರಿಯವನು ಆ ಸಂಜೆಯೇ ಭಾವಮೈದುನರ ಬಟ್ಟೆಯನ್ನೆಲ್ಲ ಗರಿಗರಿಯಾಗಿ ಇಸ್ತ್ರಿ ಮಾಡಿ, ಪ್ರಯಾಣಕ್ಕೆ ಸಿದ್ಧ ಎನ್ನುವ ಹಾಗೆ ಬಾಗಿಲ ಬಳಿ ಪೇರಿಸಿಟ್ಟನಂತೆ. ಮಹಡಿಯ ಕೊನೆಯ ಮನೆಯ ನಿವೃತ್ತ ಹೆಡ್‌ಮಾಸ್ತರರು ಮಾತ್ರ ಆದೇಶದ ಭಾಷೆ ಸರಿಯಿಲ್ಲವೆಂದರು. "ಕಡಿತಗೊಳ್ಳಲಿದೆ" ಎಂದರೆ ಯಾರು ಕಡಿಯುತ್ತಾರೆಂದೇ ತಿಳಿಯುವುದಿಲ್ಲ, ಇಂಥ ವಾಕ್ಯ ಬರೆದ ಹುಡುಗರನ್ನು ತಾವು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು ಎಂದರು. ಯಾರು ಕಡಿಯುತ್ತಾರೆಂಬ ಪ್ರಶ್ನೆ ಟೈಲರನ ಎದೆಯಲ್ಲಿ ಸೂಜಿಯಂತೆ ಉಳಿಯಿತು.

ಮರುದಿನ ಮಧ್ಯಾಹ್ನ, ಅಕ್ಕನೂ ಊಟ ಮಾಡಿ ಮಲಗುವ ಹೊತ್ತು ನೋಡಿಕೊಂಡು, ಅವನು ಅವಳ ನಂಬರ್ ಒತ್ತಿದ. ನಿದ್ದೆಗಣ್ಣಿನಲ್ಲಿದ್ದರೆ ಅವಳು ಬೈಯುವುದು ಕಡಿಮೆ ಎಂಬ ಭರವಸೆ. ಆದರೆ ಅಕ್ಕ ಸಿಗಲಿಲ್ಲ. ಸಿಕ್ಕವಳು ಅದೇ ಇಂಪಿನ ಹೆಂಗಸು. "ನೀವು ಕರೆ ಮಾಡಿದ ಚಂದಾದಾರರು ಇನ್ನೊಂದು ಕರೆಯಲ್ಲಿ ನಿರತರಾಗಿದ್ದಾರೆ" ಎಂದಳು. ಸ್ವಲ್ಪ ಬಿಟ್ಟು ಮತ್ತೆ ಒತ್ತಿದ. ಮತ್ತೂ ನಿರತಳು. ಅದರ ಮರುದಿನ, ಅದೇ ಹೊತ್ತು, ಅದೇ ಉತ್ತರ. ಕಡಿಯುತ್ತೇನೆಂದು ಹೇಳಿದ ಹೆಂಗಸೇ ಅಕ್ಕನ ಬಾಗಿಲಲ್ಲಿ ಕೂತು ಕಾಯುತ್ತಿದ್ದಾಳೆ ಎಂದು ಟೈಲರನಿಗೆ ಖಾತ್ರಿಯಾಯಿತು. ಜೊತೆಗೆ ಒಂದಿಷ್ಟು ಸಿಟ್ಟೂ ಬಂತು. ಲೋಕವೆಲ್ಲ ಬಿಡುವಾಗಿರುವ ಹೊತ್ತಿನಲ್ಲಿ ಅಕ್ಕ ಮಾತಾಡುತ್ತಿರುವುದಾದರೂ ಯಾರ ಜೊತೆ?

ಫೋನು ಕೈಯಲ್ಲೇ ಇರುವಾಗ ಟವರಿನ ನೆರಳು ಬಂದು ಮೇಜಿಗೆ ಒರಗಿತು. ಟೈಲರ್ ಯೋಚಿಸತೊಡಗಿದ.

ಯೋಚನೆಯಲ್ಲಿ ಅವನು ಆ ಏಣಿ ಹತ್ತುತ್ತಿದ್ದ. ತುತ್ತತುದಿಯಲ್ಲಿ ಅಪ್ಪ ಕೂತಿದ್ದ, ಕೊರಳಲ್ಲಿ ಅಳತೆ ಟೇಪು. ಕಾಲು ಇಳಿಬಿಟ್ಟುಕೊಂಡು ಊರಿನವರ ಎದೆಯಳತೆ, ಸೊಂಟದಳತೆಗಳನ್ನು ಮುಚ್ಚುಮರೆಯಿಲ್ಲದೆ ಕೂಗಿ ಹೇಳುತ್ತಿದ್ದ. ಮೋಡಗಳು ಅಸ್ತರಿನ ಬಟ್ಟೆಯಂತೆ ತೆಳ್ಳಗೆ ಹಾಸಿದ್ದವು. ಒಂದು ಮೆಟ್ಟಿಲು ಕೆಳಗೆ ಅಕ್ಕ, ಎರಡು ಜಡೆಯ ಹುಡುಗಿ, ಸಣ್ಣ ಸಣ್ಣ ಮಾತುಗಳನ್ನು ಬಾಬಿನ್ನಿಗೆ ಸುತ್ತಿ ಅವನತ್ತ ಇಳಿಬಿಡುತ್ತಿದ್ದಳು. ಹಿಡ್ಕೋ, ಎನ್ನುತ್ತಿದ್ದಳು. ಅವನು ಕೈ ಚಾಚಿದ. ಚಾಚಿದ ಎರಡೂ ಕೈ ಎಡಗೈ. ಎರಡೂ ಒಂದೇ ಕಡೆಗೆ ಬಾಗಿ, ಬಾಬಿನ್ನು ನಡುವೆ ಜಾರಿ, ದಾರ ಬಿಚ್ಚುತ್ತ ಬಿಚ್ಚುತ್ತ ಕೆಳಗೆ ಹೋಯಿತು. ನೆಲ ಮುಟ್ಟಿದ ಸದ್ದೇ ಬರಲಿಲ್ಲ.

ಎಚ್ಚರಾದಾಗ ಕೆನ್ನೆಯ ಮೇಲೆ ಫೋನಿನ ಗುಂಡಿಗಳೆಲ್ಲ ಅಚ್ಚೊತ್ತಿದ್ದವು. ಅವನು ಅಂಗಡಿಯ ಬಾಗಿಲೆಳೆದು, ಅದು ಯಾವ ಆಫೀಸೆಂದು ಹೆಡ್‌ಮಾಸ್ತರರನ್ನು ಕೇಳಿದ. ಫೋನಿನಲ್ಲಿ ಬಂದ ಆದೇಶ ಫೋನ್ ಆಫೀಸಿನದೇ ಇರಬೇಕೆಂದು ಅವರು ತರ್ಕಿಸಿದರು. ಗೊತ್ತು, ಎಂದು ಟೈಲರ್ ಬಸ್ಸು ಹತ್ತಿದ.

ಫೋನ್ ಆಫೀಸಿನಲ್ಲಿ ಎರಡು ಕೌಂಟರುಗಳು, ನಡುವೆ ಆಳೆತ್ತರದ ಮರದ ಅಡ್ಡಗೋಡೆ. ಸಾಲು ನಿಧಾನವಾಗಿ ಸರಿಯುತ್ತಿತ್ತು, ಮೇಲೆ ಫ್ಯಾನು ಅದಕ್ಕಿಂತ ನಿಧಾನವಾಗಿ. ಟೈಲರನ ಮುಂದೆ ಒಬ್ಬಳು ಎಳೆಯ ಹೆಂಗಸು ಗಂಡಸರ ಹಳೆಯ ಫೋನೊಂದನ್ನು ಹಿಡಿದು ನಿಂತಿದ್ದಳು. ಇದರಲ್ಲಿ ಬಂದಿರುವ ಮೆಸೇಜುಗಳು ಹಾಗೇ ಇರುತ್ತವೆಯೇ ಎಂದು ಕೇಳಿದಳು. ಇರುತ್ತವೆ, ಹೊಸದು ಬರುವುದಿಲ್ಲ ಅಷ್ಟೆ, ಎಂದರು ಕೌಂಟರಿನವರು. ಹೊಸದು ಬೇಡ, ಎಂದು ಅವಳು ಸಾಲು ಬಿಟ್ಟು ಹೊರಟುಹೋದಳು. ಟೈಲರನ ಸರದಿ ಬಂತು.

ಕೌಂಟರಿನವರು ವಯಸ್ಸಾದ ನೌಕರರು. ಹರೆಯದಲ್ಲಿ ಟವರ್ ಹತ್ತಿ ಇಳಿದು, ಮಂಡಿ ಸವೆದ ಮೇಲೆ ಈ ಕುರ್ಚಿಗೆ ಬಂದವರು. ಬೆಳಗಿನಿಂದ ಜನ ಬೈಯುತ್ತಲೇ ಇದ್ದುದರಿಂದ ಬೈಗುಳಕ್ಕೆ ತಯಾರಾಗಿ ಕೂತಿದ್ದರು.

"ಎರಡನೇ ತಲೆಮಾರನ್ನ ಕಡಿಯೋದು ಬೇಡ ಅಂತ ಕೇಳ್ಕೊಳ್ಳೋಕೆ ಬಂದೆ ಸರ್," ಎಂದ ಟೈಲರ್.

"ನಮ್ಮ ಕೈಲಿಲ್ಲ ಯಜಮಾನ್ರೆ. ಮೇಲಿನ ತೀರ್ಮಾನ."

ಟೈಲರ್ ಮೇಲೆ ನೋಡಿದ. ಫ್ಯಾನಿತ್ತು. "ನಾವು ಮಾಡಿದ ತಪ್ಪಾದ್ರೂ ಏನು?"

"ತಪ್ಪೇನಿಲ್ಲ. ವಯಸ್ಸಾಯ್ತು. ಹೊಸದಕ್ಕೆ ಜಾಗ ಬಿಡಬೇಕಲ್ಲ."

ಇದನ್ನು ಅವರು ಎಷ್ಟು ಮೆತ್ತಗೆ ಹೇಳಿದರೆಂದರೆ ಟೈಲರನಿಗೆ ಜಗಳವಾಡುವ ಮನಸ್ಸೇ ಬರಲಿಲ್ಲ. ಯಾರೂ ಬೈಯದಿದ್ದುದಕ್ಕೆ ನೌಕರರಿಗೂ ಮಾತಿನ ಹುಮ್ಮಸ್ಸು ಬಂತು. ಮೊದಲನೇ ತಲೆಮಾರು ನೀವು ನೋಡಿರಲಿಕ್ಕಿಲ್ಲ ಎಂದರು. ಅವರ ಕೈಕೆಳಗೇ ಬೆಳೆದವನು ನಾನು ಎಂದ ಟೈಲರ್. ಈತನೂ ತಮ್ಮದೇ ಕಸುಬಿನವನೆಂದು ತಿಳಿದ ನೌಕರರು ಕುರ್ಚಿ ಮುಂದಕ್ಕೆಳೆದುಕೊಂಡರು.

"ಹಾಗಾದ್ರೆ ನಿಮಗೆ ಗೊತ್ತಿರುತ್ತೆ. ಆಳು ಭಾರಿ. ಮಾತು ಬಿಟ್ರೆ ಬೇರೆ ಏನೂ ಇಲ್ಲ. ಗುಟ್ಟು ಅನ್ನೋದೇ ಇಲ್ಲ, ಆಡಿದ್ದನ್ನ ದಾರೀಲಿ ಯಾರು ಬೇಕಾದ್ರೂ ಕೇಳಬಹುದಿತ್ತು."

ಅಪ್ಪನ ಬಗ್ಗೆ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಅಪ್ಪ ಬೈದರೆ ಎರಡು ಬೀದಿ ಕಿವಿಗೊಡುತ್ತಿದ್ದವು.

"ಎರಡನೇದು ಬಂದ ಮೇಲೆ ಮಾತಿಗೊಂದು ಮರೆ ಬಂತು. ಹೇಳೋಕಾಗದ್ದನ್ನ ಚುಟುಕಾಗಿ ಬರೆದು ಕಳಿಸೋದು ಬಂತು. ನಿಧಾನ, ಒಪ್ತೀನಿ. ಒಂದು ಫೋಟೋ ಬರೋಷ್ಟರಲ್ಲಿ ಟೀ ಕುಡಿದು ಬರಬಹುದಿತ್ತು. ಆದ್ರೆ ನೆಲಮಾಳಿಗೇಲಿರಿ, ಊರಾಚೆ ಇರಿ, ಎಲ್ಲೇ ಇದ್ರೂ ಒಂದು ಗೆರೆಯಾದ್ರೂ ಸಿಗೋದು. ಸಾಯೋ ಅಂಥ ಜೀವ ಅಲ್ಲ ಅದು."

ಅಕ್ಕ ಹಾಗೆಯೇ ಎಂದು ಟೈಲರ್ ತಲೆಯಾಡಿಸಿದ. ಚಿಕ್ಕಂದಿನಲ್ಲಿ ಅಪ್ಪ ಹೊಡೆದು ಕತ್ತಲ ಕೋಣೆಗೆ ಕೂಡಿದಾಗ ಬಾಗಿಲ ಸಂದಿಯಿಂದ ಚೀಟಿ ತೂರಿಸುತ್ತಿದ್ದವಳು ಅವಳೇ. "ಅಳಬೇಡ" ಎಂದಿಷ್ಟೇ ಇರುತ್ತಿತ್ತು.

ಮೂರನೇದು ದೊಡ್ಡ ದೊಡ್ಡ ಮಾತಾಡಿಕೊಂಡು ಬಂತು ಎಂದರು ನೌಕರರು. ಮುಖ ನೋಡಿಕೊಂಡು ಮಾತಾಡಿಸುತ್ತೇನೆ ಅಂತು. ಬೇಗ ಬಿಸಿಯಾಗುತ್ತಿತ್ತು, ಬೇಗ ಸುಸ್ತಾಗುತ್ತಿತ್ತು, ಮನೆಯೊಳಗೆ ಹುಡುಕಿದರೆ ಸಿಗುತ್ತಲೇ ಇರಲಿಲ್ಲ. ನಮ್ಮ ಮಗ, ಎಂದು ಟೈಲರ್ ಗೊಣಗಿಕೊಂಡ. ಫ್ಯಾನಿನ ಸದ್ದಿನಲ್ಲಿ ಅದು ಕೇಳಿಸಲಿಲ್ಲ.

"ನಾಲ್ಕನೇದಕ್ಕೆ ಬನ್ನಿ ಅಂದ್ರು. ಆದ್ರೆ ನಮ್ಮನೇದು ಇನ್ನೂ ತುಂಬಾ ಚಿಕ್ಕದು ಸರ್."

"ಚಿಕ್ಕದೇ ಇರೋದು. ಉಗುರಿನಷ್ಟು."

"ಅಷ್ಟು ಚಿಕ್ಕದಲ್ಲ," ಎಂದು ಟೈಲರ್ ಸೊಂಟದ ಹತ್ತಿರ ಕೈಯಿಟ್ಟು ತೋರಿಸಿದ. ಸಿಮ್ ಕಾರ್ಡಿನ ಮಾತಾಡುತ್ತಿದ್ದ ನೌಕರರು ಆ ಕೈಯನ್ನು ನೋಡಿ, ಜೇಬನ್ನು ತೋರಿಸುತ್ತಿದ್ದಾನೆಂದು ತಿಳಿದರು.

ಆಮೇಲೆ ಅವರು ಅತ್ತಿತ್ತ ನೋಡಿ ಕಿಂಡಿಯ ಹತ್ತಿರ ಬಾಗಿದರು. "ಒಂದು ಮಾತು ಹೇಳ್ತೀನಿ ಕೇಳಿ. ಈ ನಾಲ್ಕನೇದು ಎಷ್ಟೇ ಹಾರಾಡಲಿ, ಎಲ್ಲೋ ಒಂದು ಕಡೆ ಯಾರೂ ಸಿಗದೆ ಒಂಟಿಯಾದಾಗ, ಸದ್ದಿಲ್ಲದೆ ಕೆಳಗಿಳಿದು ಎರಡನೇದರ ಕೈ ಹಿಡಿಯುತ್ತೆ. ಅಲ್ಲಿ ಮಾತು ಮುಗಿಸಿ ಮತ್ತೆ ಮೇಲೆ ಹೋಗುತ್ತೆ. ಇಳಿದಿದ್ದು ಯಾರಿಗೂ ಗೊತ್ತಾಗಲ್ಲ."

ಟೈಲರನಿಗೆ ಗೊತ್ತಿತ್ತು. ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಯಾರಿಗೂ ಪುರಸತ್ತಿಲ್ಲದಾಗ, ಮೊಮ್ಮಗಳು ಒಂದೊಂದೇ ಮೆಟ್ಟಿಲು ಇಳಿದು ಬಂದು ಯಂತ್ರದ ಕೆಳಗೆ ತುಂಡುಬಟ್ಟೆಗಳ ನಡುವೆ ಕೂರುತ್ತಿದ್ದಳು. ಅವನಿಗೆ ಹೇಳಬೇಕಾದ್ದನ್ನು ಹೇಳಿ ಮತ್ತೆ ಹತ್ತಿ ಹೋಗುತ್ತಿದ್ದಳು. ತಿಂಗಳ ಕೊನೆಯಾದ ಮೇಲೆ ಮಗು ಹೀಗೆಯೇ ಇಳಿದು ಬಂದು, ಕೊನೆಯ ಮೆಟ್ಟಿಲ ಕೆಳಗೆ ಕಾಲಿಟ್ಟರೆ ಅಲ್ಲಿ ಏನೂ ಇರುವುದಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿತು. ಕೊರಳಲ್ಲಿದ್ದ ಅಳತೆ ಟೇಪಿನಿಂದಲೇ ಒರೆಸಿಕೊಂಡ. ಟೂ ಜಿಗಾಗಿ ಒಬ್ಬ ಗ್ರಾಹಕ ಅತ್ತದ್ದನ್ನು ನೌಕರರು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಅವರೂ ಕನ್ನಡಕ ತೆಗೆದು ಮೂಗು ಒರೆಸಿಕೊಂಡರು. ಸಾಲಿನಲ್ಲಿದ್ದವರು, ಯಾರೋ ಹೋಗಿಬಿಟ್ಟಿರಬೇಕೆಂದು ಮೌನವಾಗಿ ನಿಂತರು.

ಆ ಮೌನದಲ್ಲಿ ಅಡ್ಡಗೋಡೆಯ ಆಚೆಯಿಂದ ಒಂದು ಗಂಟಲು ಕೇಳಿಸಿತು.

"ನನಗೆ ಇರೋನು ಒಬ್ಬನೇ ತಮ್ಮ. ಎರಡನೇ ತಲೆಮಾರಲ್ಲಿ ಇನ್ನು ಯಾರೂ ಇಲ್ಲ. ನಿದ್ದೆಬುರುಕ, ಒಪ್ತೀನಿ. ಬಾಯಿ ನೆಟ್ಟಗಿಲ್ಲ, ಅದೂ ಒಪ್ತೀನಿ. ಹಾಗಂತ ಕಡಿದುಬಿಡ್ತೀರಾ?"

"ಅಮ್ಮಾ, ಇದು ಟೂ ಜಿ ಅಮ್ಮ," ಎಂದಳು ಆ ಕೌಂಟರಿನ ಹುಡುಗಿ, ಅಳುವ ದನಿಯಲ್ಲಿ.

"ಟೂಜಿಯೋ ಪಾಜಿಯೋ, ಆ ಮನುಷ್ಯನನ್ನೇ ಹೊರಗೆ ಕರಿ. ನಾನು ಮಾತಾಡ್ತೀನಿ."

ಟೈಲರ್ ಅಡ್ಡಗೋಡೆಯ ಅಂಚಿಗೆ ಹೋಗಿ ಇಣುಕಿದ. ಆಚೆ ಒಬ್ಬ ಹೆಂಗಸು ಅವನಿಗೆ ಬೆನ್ನು ಹಾಕಿ ನಿಂತಿದ್ದಳು. ಕಂದು ಉಣ್ಣೆಯ ಕೋಟು. ಎಡತೋಳು ಅಚ್ಚುಕಟ್ಟಾಗಿ ಇಳಿದಿತ್ತು. ಬಲತೋಳು ಕಂಕುಳಿನಿಂದಲೇ ತಿರುಚಿಕೊಂಡು, ಮೊಣಕೈ ಹೊರಚಾಚಿ, ಪಕ್ಕದವನನ್ನು ಆಗಲೇ ಒಂದು ಸಲ ತಿವಿದಿದ್ದ ಹಾಗಿತ್ತು. ಚಳಿಯ ಕಾಲವಾಗಿರಲಿಲ್ಲ. ಆ ಫ್ಯಾನಿನ ಕೆಳಗೆ ಎಲ್ಲರೂ ಬೆವರುತ್ತಿದ್ದರು. ಟೈಲರ್ ಜಗತ್ತಿನಲ್ಲಿ ಏನನ್ನು ಮರೆತರೂ ತಾನು ಹೊಲಿದ ತಪ್ಪನ್ನು ಮರೆಯಲಾರ.

"ಅಕ್ಕ," ಎಂದ.

ಅವಳು ತಿರುಗಿದಳು. ಬಲಮೊಣಕೈ ಇನ್ನೊಬ್ಬನಿಗೆ ತಾಗಿತು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತುಂಡಾಗದೆ ಇಡಿಯಾಗಿದ್ದಾನೆಂದು ಖಾತ್ರಿ ಮಾಡಿಕೊಂಡಳು. "ಎರಡು ದಿನದಿಂದ ಮಧ್ಯಾಹ್ನ ಮಧ್ಯಾಹ್ನ ಫೋನ್ ಮಾಡ್ತಿದ್ದೀನಿ. ಯಾವಾಗ ನೋಡಿದ್ರೂ ಮಾತಾಡ್ತಾ ಇರ್ತೀಯ. ಯಾರ ಜೊತೆಗೋ ಅಷ್ಟು ಮಾತು?"

"ನಿನ್ನ ಜೊತೆಗೇ. ಮಧ್ಯಾಹ್ನವೇ ಯಾಕೆ ಮಾಡೋಕೆ ಹೋದೆ?"

"ಆ ಹೊತ್ತಲ್ಲಿ ನೀನು ಏನಂದ್ರೂ 'ಗೊತ್ತು' ಅಂತೀಯ. ಜಗಳ ಆಗಲ್ಲ ಅಂತ."

ಆಗ ಎರಡೂ ಕೌಂಟರಿನವರು ಎದ್ದು ಬಂದರು. ಹುಡುಗಿ ಒಂದು ಕಡೆಯಿಂದ, ಕನ್ನಡಕ ಒರೆಸಿಕೊಳ್ಳುತ್ತ ನೌಕರರು ಇನ್ನೊಂದು ಕಡೆಯಿಂದ, ತಲೆಮಾರೆಂದರೆ ಮನುಷ್ಯರದಲ್ಲ, ಗಾಳಿಯಲ್ಲಿ ಮಾತು ಸಾಗಿಸುವ ವ್ಯವಸ್ಥೆಯದು, ಹಳೆಯ ಫೋನು ಬದಲಾಯಿಸಿದರೆ ಸಾಕು, ಅಕ್ಕತಮ್ಮಂದಿರನ್ನು ಯಾರೂ ಏನೂ ಮಾಡುವುದಿಲ್ಲ ಎಂದು ಬಿಡಿಸಿ ಹೇಳಿದರು. ಆಫೀಸಿಗೆ ಆಫೀಸೇ ಕಿವಿಗೊಟ್ಟಿತು. ಕೇಳಿ ಮುಗಿದ ಮೇಲೆ ಅಕ್ಕ ತಮ್ಮ ಇಬ್ಬರೂ ಒಂದೇ ಉಸಿರಿನಲ್ಲಿ, ಒಂದೇ ಮುಖಭಾವದಲ್ಲಿ ಹೇಳಿದರು:

"ಗೊತ್ತು, ಗೊತ್ತು."

ಹೊರಗೆ ಬಸ್ಸಿಗೆ ಕಾಯುವಾಗ ಟೈಲರ್ ಬಹಳ ಹೊತ್ತು ಆ ತೋಳನ್ನೇ ನೋಡಿದ. ಬಿಚ್ಚಿ ಸರಿ ಮಾಡಿಕೊಡುತ್ತೇನೆ ಎಂದ. ಅಕ್ಕ ಕೋಟು ಕಳಚಿ ಅವನ ಕೈಗೆ ಕೊಟ್ಟಳು. ಬಲಗೈಯಿಂದ ಕೊಟ್ಟಳು. ಇಬ್ಬರೂ ಅದನ್ನು ಗಮನಿಸಿದರು, ಇಬ್ಬರೂ ಎತ್ತಿ ಆಡಲಿಲ್ಲ.

ಇಸ್ತ್ರಿಯವನಿಗೆ ವಿಷಯ ತಿಳಿದು ಒಂದು ವಾರ ಅವನು ಟೈಲರನ ಜೊತೆ ಮಾತು ಬಿಟ್ಟ. ಆದೇಶದ ಸುದ್ದಿ ಕೇಳಿದ ದಿನವೇ ಅವನ ಭಾವಮೈದುನರು, ಕಡಿಯುವುದಾದರೆ ನಾವು ನಾಲ್ಕನೇ ತಲೆಮಾರಿಗೇ ಬಂದುಬಿಡುತ್ತೇವೆ ಎಂದು ಹಾಸಿಗೆ ಸುತ್ತಿಕೊಂಡು ಮಕ್ಕಳ ಕೋಣೆಗೆ ಹೋಗಿ ಮಲಗಿದ್ದರು. ಇಸ್ತ್ರಿ ಮಾಡಿಟ್ಟ ಬಟ್ಟೆಯನ್ನು ದಿನಕ್ಕೊಂದರಂತೆ ಹಾಕಿಕೊಂಡು ಬೀದಿಯಲ್ಲಿ ಓಡಾಡುತ್ತಿದ್ದರು.

ತಿಂಗಳು ಮುಗಿಯಿತು. ಎರಡನೇ ತಲೆಮಾರು ಯಾವ ಗಳಿಗೆಯಲ್ಲಿ ನಿಂತಿತೋ ಬೀದಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಟವರಿನ ನೆರಳು ಎಂದಿನಂತೆ ಬಂದು ಮೇಜಿಗೆ ಒರಗಿತು. ಬಾಬಿನ್ ಡಬ್ಬಿಯಲ್ಲಿ ಈಗ ಕನ್ನಡಿಯಂಥ ಹೊಸ ಫೋನು. ಮೊಮ್ಮಗಳು ಕಲಿಸಿದ ಹಾಗೆ ಬೆರಳಿನಿಂದ ಸವರಿದರೆ ಮಾತು ಬರುತ್ತಿತ್ತು. ಅಕ್ಕ ಪ್ರತಿ ಮಧ್ಯಾಹ್ನ ಫೋನು ಮಾಡುತ್ತಿದ್ದಳು. ಕೋಟು ಆಯ್ತಾ ಎಂದು ಕೇಳುತ್ತಿದ್ದಳು. ಇನ್ನೂ ಇಲ್ಲ ಎನ್ನುತ್ತಿದ್ದ. ಆಮೇಲೆ ಬೇರೆ ಮಾತು, ಹಳೆಯ ಮಾತು, ಅಪ್ಪನ ಮಾತು, ಕೊನೆಗೆ ಮಾತಿಲ್ಲದ ಮಾತು. ಕೆಲವು ಸಲ ಎರಡೂ ಕಡೆಯಿಂದ ಸಣ್ಣ ಗೊರಕೆ ಮಾತ್ರ ಗಾಳಿಯಲ್ಲಿ ಹೋಗಿಬರುತ್ತಿತ್ತು.

ಕೋಟು ಮುಗಿದು ಬಹಳ ದಿನವಾಗಿತ್ತು. ಅವನು ಜೀವಮಾನದಲ್ಲೇ ಮೊದಲ ಸಲ ಕಣ್ಣು ಬಿಟ್ಟುಕೊಂಡು, ಎಡ ಯಾವುದು ಬಲ ಯಾವುದು ಎಂದು ಮೊಮ್ಮಗಳನ್ನು ಕೇಳಿ ಕೇಳಿ ಹೊಲಿದಿದ್ದ. ಅದು ಅಂಗಡಿಯ ಗಾಜಿನ ಹಿಂದೆ, ಎರಡು ತೋಳನ್ನೂ ನೇರವಾಗಿ ಇಳಿಬಿಟ್ಟುಕೊಂಡು ತೂಗುತ್ತಿತ್ತು. ಕೊಟ್ಟುಬಿಡಬಾರದೇ ಎಂದು ಹೆಂಡತಿ ಕೇಳಿದರೆ, ಒಂದು ಗುಂಡಿ ಬಾಕಿ ಇದೆ ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಫೋನು ಬಂತು. ಅವನು ಕಣ್ಣು ತೆರೆಯದೆ ಕಿವಿಗೆ ಹಿಡಿದ.

"ಕೋಟು ಆಯ್ತೇನೋ?"

"ಇನ್ನೂ ಇಲ್ಲ ಅಕ್ಕ. ಬಲತೋಳು ಬಾಕಿ."

ಬೀದಿಯ ಆಚೆ, ಟವರಿನ ಬುಡದಲ್ಲಿ, ಅಕ್ಕ ಫೋನು ಹಿಡಿದು ನಿಂತಿದ್ದಳು. ಗಾಜಿನ ಹಿಂದೆ ತೂಗುತ್ತಿದ್ದ ಕೋಟನ್ನು, ಅದರ ಬಲತೋಳನ್ನು, ಯಂತ್ರದ ಮೇಲೆ ಕೆನ್ನೆಯಿಟ್ಟು ಯೋಚಿಸುತ್ತಿದ್ದ ತಮ್ಮನನ್ನು ಅವಳು ಚೆನ್ನಾಗಿ ನೋಡಿದಳು.

"ಅವಸರ ಇಲ್ಲ," ಎಂದಳು. "ನಿಧಾನ ಮಾಡು." ಮತ್ತೆ ಬಸ್ಸಿನ ಕಡೆಗೆ ನಡೆದಳು, ಫೋನನ್ನು ಕಿವಿಯಿಂದ ಇಳಿಸದೆ.